ಎಲ್ಲಾ ಕಳುವಾದ ಮ್ಯಾಲೆ ಮೊದಲ ಹಗ್ಗ ಯಾಕ ತಗೊಂಡೆ?

ಬೆಳಗಾವಿಯೊಳಗ ಗುರುತಿನವ್ರು ಯಾರ ಭೆಟ್ಟಿ ಆದ್ರೂ ಚಹಾ ಮುಗಿಯೋದ್ರಾಗ ಇದೊಂದು ಕೇಳೇ ಕೇಳ್ತಾರ, "ಅಲ್ಲೋ ಮಾರಾಯಾ, ಸಾಮಾನೆಲ್ಲಾ ಕಳುವಾದ ಮ್ಯಾಲೆ ಸಾಲ ಮಾಡಿ ಮಷಿನ್ ತರೋದ ಬಿಟ್ಟು ಹಗ್ಗ ತಂದ್ಯಂತಲ್ಲ, ತಲಿ ನೆಟ್ಟಗೈತಿಲ್ಲ?" ಹೇಳಿ ಹೇಳಿ ಸಾಕಾಗೈತಿ, ಅದಕ್ಕ ಇಲ್ಲೇ ಬರದ ಬಿಡ್ತೀನಿ.

ನಂದು ಗಿಡದ ಕೆಲಸ. ಮನಿ ಮ್ಯಾಲೆ ಬಾಗಿದ ಟೊಂಗಿ ಇಳಸೋದು, ಒಣಗಿದ್ದು ತಗಿಯೋದು, ತೆಂಗಿನ ಗಿಡ ಸ್ವಚ್ಛ ಮಾಡೋದು. (ಪೂರ್ತಿ ಗಿಡಾನ ಕಡೀರಿ ಅಂದ್ರ ಮೊದಲ ಪರವಾನಗಿ ತಗೊಂಡ ಬರ್ರಿ ಅಂತೀನಿ, ಅದಕ್ಕ ಗಿಡ ಉಳಸಾಕಂತ ಕರ್ನಾಟಕದ 1976ರ ಕಾಯ್ದೆ ಐತಿ.) ಜೂನ್ 7ರ ಸುಮಾರು ಮಿರಗ (ಮೃಗಶಿರಾ ಮಳಿ) ಕೂಡತೈತಿ, ಅದಕ್ಕಿಂತ ಮೊದಲಿನ ಹದಿನೈದು ದಿನ ನಮಗ ಸುಗ್ಗಿ. ಸರಿಯಾಗಿ ಅದ ಟೈಮಿನ್ಯಾಗ ಶೆಡ್ಡಿನ ಕೀಲಿ ಮುರದು ಎರಡು ಚೈನ್ ಸಾ (ಟೊಂಗಿ ಕೊಯ್ಯೋ ಮಷಿನ್), ಗಿಡ ಏರೂವಾಗ ಸೊಂಟಕ್ಕ ಕಟ್ಟೋ ಬೆಲ್ಟು, ಹಗ್ಗ, ಆಯಿಲ್ ಮಿಕ್ಸ್ ಮಾಡಿಟ್ಟಿದ್ದ ಪೆಟ್ರೋಲ್ ಕ್ಯಾನ್ ಸೈತ ಒಯ್ದಿದ್ರು. ಸ್ಟೇಷನ್ನಿನ್ಯಾಗ ಸೀರಿಯಲ್ ನಂಬರ್ ಕೇಳಿದ್ರು, ಬಿಲ್ ಸಿಗಲಿಲ್ಲ. ಮಷಿನ್ ಮೈಮ್ಯಾಲೇ ನಂಬರ್ ಇರತೈತಿ, ಒಂದು ಫೋಟೋ ಹೊಡಕೊಂಡಿದ್ರ ಸಾಕಿತ್ತು. ಇನ್ಶೂರೆನ್ಸ್ ಕೇಳಲೇಬ್ಯಾಡ್ರಿ.

ಸಣ್ಣ ಧಂದೆದವ್ರಿಗೆ ಸರ್ಕಾರದ ಮುದ್ರಾ ಯೋಜನೆದಾಗ ಶಿಶು ಸಾಲ 50,000 ತನಕ ಸಿಗತೈತಿ, ಗೊತ್ತಿತ್ತು. ಆದ್ರ ಜುಲೈದಾಗ ನಮ್ಮೂರ ಮಳಿ ನೋಡೀರಲ್ಲ, ತೊಗಟಿ ಪಾಚಿಗಟ್ಟಿ ಕಾಲ ಇಡಾಕ ಆಗೂದಿಲ್ಲ, ಕೆಲಸ ನಿಂತ್ರೂ ಕಂತು ನಿಲ್ಲೂದಿಲ್ಲ. ಮಷಿನ್ ಏನು, ದಿನದ ಬಾಡಿಗಿಗೆ ಸಿಗತೈತಿ, ಸಣ್ಣದಕ್ಕ ಕೈಗರಗಸ ಸಾಕು. ಮಂದಿ ಹಗ್ಗ ಮಾತ್ರ ನಾ ಮುಟ್ಟೂದಿಲ್ಲ, ಅದು ಎಷ್ಟ ಜಗ್ಗೇತೋ, ಒಳಗ ಎಷ್ಟ ಎಳಿ ಹರದಾವೋ ಯಾರಿಗ್ಗೊತ್ತು, ಮ್ಯಾಲೆ ಜೋತಾಡೋದು ನನ್ನ ಜೀವ. ಅದಕ್ಕ ಕೈಯಾಗಿದ್ದ ರೊಕ್ಕದಾಗ ಬೆಲ್ಟು, ಎರಡು ಹಗ್ಗ ತಗೊಂಡೆ, ಒಂದು ನನಗ, ಒಂದು ಟೊಂಗಿಗೆ.

ನಾಕ ದಿನಕ್ಕ ಶಹಾಪುರದಾಗ ಒಬ್ಬ ಕಾಕು ಮನಿ ಕೆಲಸ ಬಂತು, ತಗಡಿನ ಮ್ಯಾಲೆ ಮಾವಿನ ಟೊಂಗಿ, ಕೆಳಗ ಅಂಗಳದಾಗ ಶಂಡಗಿ ಒಣಗಾಕ ಹಾಕಿದ್ರು, ತಗೀರಿ ಅಂದ್ರ ತಗೀಲಿಲ್ಲ. ಟೊಂಗಿಗೆ ಹಗ್ಗ ಬಿಗಿದು, ಮ್ಯಾಲಿನ ಕವಲಿನಾಗ ಹಾಸಿ ಕೆಳಗ ಬಿಟ್ಟೆ, ನಮ್ಮ ಹುಡುಗ ಅದನ್ನ ಗಿಡದ ಬುಡಕ್ಕ ಎರಡು ಸುತ್ತು ಹಾಕಿ ಹಿಡದ. ಆ ಎರಡು ಸುತ್ತಿನಾಗ ಐತಿ ನೋಡ್ರಿ ಎಲ್ಲಾ, ಹಗ್ಗ ಬುಡಕ್ಕ ಕಚ್ಚತೈತಿ, ನನಗಿಂತ ಭಾರದ್ದನ್ನ ಅಂವ ಒಬ್ಬನ ಹಿಡೀತಾನ. ಮೊದಲ ತಳಗಿಂದ ಸ್ವಲ್ಪ ಕೊಯ್ದೆ, ಇಲ್ಲಂದ್ರ ಟೊಂಗಿ ಬೀಳೂವಾಗ ತೊಗಟಿ ಬುಡದ ತನಕ ಸೀಳ್ಕೊಂಡ ಹೋಗತೈತಿ, ಆಮ್ಯಾಲೆ ಮ್ಯಾಲಿಂದ. ಲಟಕ್ ಅಂತು, ಹಗ್ಗ ಕಿರ್ರ್ ಅಂತ ಬಿಗೀತು, ಟೊಂಗಿ ತೊಟ್ಟಿಲ ತೂಗಿದಂಗ ತೂಗಿ ಬಾವಿ ಕಟ್ಟಿ ಹತ್ರ ಇಳೀತು. ಶಂಡಗಿ ಒಂದೂ ಅಲ್ಲಾಡಲಿಲ್ಲ.

ಉಳಿದ ಮೋಟನ್ನ ಟೊಂಗಿ ಬುಡದ ಉಬ್ಬಿಗೆ ತಾಗದಂಗ ಕೊಯ್ದೆ, ಗಾಯ ಮುಚ್ಚೋದು ಆ ಉಬ್ಬಿಂದ. ಕಾಕು ಡಾಂಬರ್ ಬಳಿ ಅಂದ್ರು, ಬ್ಯಾಡ್ರಿ ಅಂದೆ, ಗಿಡ ತಾನ ಮುಚ್ಚಕೋತೈತಿ. ರೊಕ್ಕ ಕೊಡೂವಾಗ "ಮಷಿನ್ ಹಚ್ಚಲಿಲ್ಲಲ್ಲ" ಅಂತ 200 ಮುರಕೊಂಡ್ರು!

ದೀಪಾವಳಿ ಆದ ಮ್ಯಾಲೆ ಒಂದು ಸೆಕೆಂಡ್ ಹ್ಯಾಂಡ್ ಚೈನ್ ಸಾ ತಗೊಂಡೀನಿ, ನಂಬರಿನ ಫೋಟೋ ಮೂರು ಮಂದಿ ವಾಟ್ಸಾಪಿನ್ಯಾಗ ಐತಿ. ಮಷಿನ್ ಶೆಡ್ಡಿನ್ಯಾಗ ಇರತೈತಿ, ಹಗ್ಗ ನನ್ನ ಮಂಚದ ಕೆಳಗ. ಮಾವಿನ ಸೊನಿ ವಾಸನಿ ಹೊಡಿತೈತಿ ಅಂತ ಮನಿಯಾಕಿ ದಿನಾ ಬೈತಾಳ.