ಯೆರೆವಾನಿನಲ್ಲಿ ಕಂಡ ಸೋನಿಯಾ ಬಾಲಾಸಾನ್ಯನ್

ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ನನ್ನ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನಪ್ಪಾ, ಮರವೋ ಮನೆಯೋ?" ಎಂದು ಕೇಳುತ್ತಿದ್ದರು. ಚಿತ್ರವೆಂದರೆ ಯಾವುದಾದರೊಂದು ವಸ್ತುವಿನ ಹೋಲಿಕೆ ಎಂಬ ಆ ನಂಬಿಕೆಯನ್ನು ಹೊತ್ತುಕೊಂಡೇ ನಾನು ವೈದ್ಯಕೀಯ ಓದಲು ಅರ್ಮೇನಿಯಾದ ಯೆರೆವಾನಿಗೆ ಹೋದೆ.

ರಜೆಯ ದಿನ ವೆರ್ನಿಸಾಜ್ ಎಂಬ ಬಯಲು ಸಂತೆಯಲ್ಲಿ ರತ್ನಗಂಬಳಿಗಳನ್ನೂ ಮರಗೆತ್ತನೆಯನ್ನೂ ನೋಡುತ್ತ ಅಲೆಯುತ್ತಿದ್ದಾಗ ಮಳೆ ಬಂದು, ಸಮೀಪದ ಪಾವ್‌ಸ್ತೊಸ್ ಬುಜಂಡ್ ಬೀದಿಯ ಕಟ್ಟಡವೊಂದನ್ನು ಹೊಕ್ಕೆ. ಅದು ಕಲಾವಿದೆ ಸೋನಿಯಾ ಬಾಲಾಸಾನ್ಯನ್ ಮತ್ತು ಅವರ ಪತಿ ಎಡ್ವರ್ಡ್ 1992ರಲ್ಲಿ ಹುಟ್ಟುಹಾಕಿದ ಪ್ರಾಯೋಗಿಕ ಸಮಕಾಲೀನ ಕಲಾ ಕೇಂದ್ರ. ಅಂದು ಮಳೆ ಬಾರದಿದ್ದರೆ ಅವರ ಹೆಸರೂ ನನಗೆ ತಿಳಿಯುತ್ತಿರಲಿಲ್ಲ.

ಸೋನಿಯಾ ಹುಟ್ಟಿದ್ದು 1942ರಲ್ಲಿ, ಇರಾನಿನ ಅರಾಕ್ ಪಟ್ಟಣದ ಅರ್ಮೇನಿಯನ್ ಕುಟುಂಬದಲ್ಲಿ. ಅಮೆರಿಕಕ್ಕೆ ಹೋಗಿ, ಪೆನ್ಸಿಲ್ವೇನಿಯಾದಲ್ಲಿಯೂ ಆಮೇಲೆ ನ್ಯೂಯಾರ್ಕಿನ ಪ್ರ್ಯಾಟ್ ಸಂಸ್ಥೆಯಲ್ಲಿಯೂ ಓದಿ, ಯಾವ ವಸ್ತುವಿನ ಹೋಲಿಕೆಯೂ ಇಲ್ಲದ ಅಮೂರ್ತ ಚಿತ್ರಗಳನ್ನು ಬರೆಯುವ ಚಿತ್ರಕಾರ್ತಿಯಾದರು. 1979ರ ನವೆಂಬರಿನಲ್ಲಿ ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯ ಸಿಬ್ಬಂದಿ ಒತ್ತೆಯಾಳುಗಳಾಗಿ, ಅವರಲ್ಲಿ 52 ಮಂದಿ 444 ದಿನ ಸೆರೆಯಲ್ಲಿದ್ದಾಗ, ಹುಟ್ಟಿದ ನಾಡಿಗೂ ನೆಲೆಸಿದ ನಾಡಿಗೂ ನಡುವೆ ನಿಂತ ಈ ಹೆಂಗಸು ಅಮೂರ್ತವನ್ನು ಬದಿಗಿಟ್ಟು, ಪತ್ರಿಕೆಯ ಛಾಯಾಚಿತ್ರಗಳಿಂದ ಒತ್ತೆಯಾಳುಗಳ ಕುರಿತ ಕೊಲಾಜ್‌ಗಳನ್ನು, ಎಂದರೆ ತುಣುಕುಗಳನ್ನು ಅಂಟಿಸಿದ ಚಿತ್ರಗಳನ್ನು, ಮಾಡಿದರು. ಬಳಿಕ ಇರಾನಿನ ಹೆಂಗಸರು ತಲೆಯಿಂದ ಕಾಲಿನವರೆಗೆ ಹೊದೆಯುವ ಚಾದರ್ ಹೊದ್ದ ತಮ್ಮದೇ ಮುಖವನ್ನು ಚಿತ್ರಕ್ಕೆ ವಸ್ತುವಾಗಿಸಿಕೊಂಡರು. ಅಮೂರ್ತವನ್ನು ಕೈಬಿಟ್ಟದ್ದು ಸೋಲು ಎನ್ನುವವರಿರಬಹುದು; ನನಗೆ ಹಾಗನಿಸದು. ಹೋಲಿಕೆಯಿಲ್ಲದೆ ಚಿತ್ರ ಬರೆಯಲು ಬಲ್ಲವರು ಹೋಲಿಕೆಗೆ ಮರಳಿದಾಗ ಆ ಮುಖಕ್ಕೆ ಬೇರೆಯೇ ಒಂದು ಭಾರ ಬರುತ್ತದೆ.

ಆದರೂ ಅವರ ದೊಡ್ಡ ಕೃತಿ ಆ ಕೇಂದ್ರವೇ ಎಂದು ನಾನು ನಂಬಿದ್ದೇನೆ. ಸೋವಿಯತ್ ಒಕ್ಕೂಟ ಒಡೆದು, ನೆರೆಯ ಅಜರ್‌ಬೈಜಾನಿನೊಡನೆ ಕರಾಬಾಖ್ ಪ್ರದೇಶಕ್ಕಾಗಿ ನಡೆದ ಯುದ್ಧವೂ ಗಡಿಗಳ ದಿಗ್ಬಂಧನವೂ ಒಟ್ಟಿಗೇ ಬಂದೆರಗಿ, ಯೆರೆವಾನಿನಲ್ಲಿ ದಿನಕ್ಕೆ ಒಂದೆರಡು ಗಂಟೆ ಮಾತ್ರ ವಿದ್ಯುತ್ತು ಸಿಗುತ್ತಿದ್ದ ಕಾಲವದು. ಅಂಥಲ್ಲಿ ಎಳೆಯ ಕಲಾವಿದರಿಗೆ ಗೋಡೆ ಒದಗಿಸಿ, 1995ರಲ್ಲಿ ಇಟಲಿಯ ಅಂತರರಾಷ್ಟ್ರೀಯ ಕಲಾ ಮೇಳವಾದ ವೆನಿಸ್ ಬಿಯೆನಾಲೆಯಲ್ಲಿ ಅರ್ಮೇನಿಯಾಕ್ಕೆ ತನ್ನದೇ ಪ್ರದರ್ಶನ ದೊರೆಯುವಂತೆ ದುಡಿದವರು ಸೋನಿಯಾ.

ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಆ ಚಳಿಗಾಲಗಳಲ್ಲಿ ನೆಲಕ್ಕೆ ಹಾಸಿದ್ದ ಮರದ ಪಟ್ಟಿಗಳನ್ನೇ ಕಿತ್ತು ಒಲೆಗೆ ಹಾಕಿದ್ದರಂತೆ. ಕೇಂದ್ರದ ವಿಷಯ ಹೇಳಿದಾಗ ಆಕೆ ಚಹಾದ ಲೋಟ ಕೆಳಗಿಟ್ಟು ಕೇಳಿದ್ದು ಒಂದೇ ಮಾತು: "ಉರಿಸಲು ಮರವಿರಲಿಲ್ಲ ಮಗು, ಚೌಕಟ್ಟಿಗೆ ಎಲ್ಲಿಂದ ತಂದರು?"