ಬಿಡುವಿನ ವೇಳೆಯ ಲೆಕ್ಕ

ಇಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದಾಗ, ರಾತ್ರಿಯಿಡೀ ಓಡುತ್ತಿದ್ದ ಬೋಯಿಂಕ್ ತಂತ್ರಾಂಶದಲ್ಲಿ (ಕಂಪ್ಯೂಟರಿನ ಬಿಡುವಿನಲ್ಲಿ ವಿಜ್ಞಾನಿಗಳ ಲೆಕ್ಕ ಮಾಡಿಕೊಡುವಂಥದ್ದು) ಪ್ರೋಟೀನ್ ಒಂದರ ಆಕಾರದ ಲೆಕ್ಕ ಶೇಕಡಾ 98ನ್ನು ತಲುಪಿತ್ತು. ಅದು ಮುಗಿಯುವವರೆಗೂ ಬೇರೆ ಕೆಲಸಕ್ಕೆ ಕೈಹಾಕಲು ಮನಸ್ಸೇ ಬರಲಿಲ್ಲ.

1999ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅನ್ಯಗ್ರಹ ಜೀವಿಗಳ ಸಂಕೇತ ಹುಡುಕಲು ಸೆಟಿ@ಹೋಮ್ ಯೋಜನೆ ಆರಂಭವಾದಂದಿನಿಂದ ಲಕ್ಷಾಂತರ ಮಂದಿ ಹೀಗೆ ತಮ್ಮ ಕಂಪ್ಯೂಟರಿನ ಬಿಡುವನ್ನು ವಿಜ್ಞಾನಕ್ಕೆ ಧಾರೆಯೆರೆದಿದ್ದಾರೆ, ಆದರೆ ಆ ದಾನ ಪಕ್ಕದಲ್ಲಿ ಕುಳಿತವರಿಗೂ ಕಾಣುವುದಿಲ್ಲ. 2009ರಲ್ಲಿ ಇಂಟೆಲ್ ಇದನ್ನು ಫೇಸ್‌ಬುಕ್‌ಗೆ ತಂದು, ಪ್ರೋಟೀನ್‌ಗಳ ಆಕಾರ ಲೆಕ್ಕಹಾಕುವ ರೊಸೆಟ್ಟಾ@ಹೋಮ್‌ನಂತಹ ಯೋಜನೆಗಳಿಗೆ ನಾವು ಕೊಟ್ಟದ್ದನ್ನು ಗೆಳೆಯರೊಂದಿಗೆ ಹಂಚಿಕೊಳ್ಳಲು ದಾರಿ ಮಾಡಿತ್ತು. ಅದು ಸರಿಯಾದ ಹೆಜ್ಜೆಯೆಂದೇ ನನ್ನ ನಂಬಿಕೆ, ಏಕೆಂದರೆ ಪರಿಚಿತರೊಬ್ಬರು ಮಾಡುತ್ತಿರುವುದನ್ನು ಕಂಡಾಗಲೇ ಇಂತಹ ಕೆಲಸಕ್ಕೆ ನಮಗೂ ಮನಸ್ಸಾಗುತ್ತದೆ.

ಈಗ 100 ಆಯಿತು, ಫಲಿತಾಂಶ ಸರ್ವರ್‌ಗೆ ಹೋಗುತ್ತಿದೆ. ಜೊತೆಯಾಗುವವರಿದ್ದರೆ ತಿಳಿಸಿ, ತಂಡವೊಂದನ್ನು ಕಟ್ಟೋಣ.