ಪಟ್ಟಿಯ ಕೊನೆಯ ತಾಲ್ಲೂಕಿನಿಂದ ಆರಂಭಿಸುವುದು

ನಾನು ಹುಟ್ಟಿ ಬೆಳೆದದ್ದು ಇಂದಿನ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿ ಯಾರಿಗಾದರೂ ಎದೆನೋವು ಬಂದರೆ, ಕಾಯಿಲೆ ಏನಿರಬಹುದೆಂಬ ಮಾತಿಗೂ ಮೊದಲು "ಕಲಬುರಗಿಗಿ ಒಯ್ಯೂದೇನು, ಸೊಲ್ಲಾಪುರಕ್ಕ ಒಯ್ಯೂದೇನು" ಎಂಬ ಮಾತು ಬರುತ್ತಿತ್ತು. ಬಾಡಿಗೆ ಗಾಡಿಗೆ ಹಣ ಹೊಂದಿಸುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತಿತ್ತು. ಈ ದೂರವನ್ನು ನಾವು ಮಳೆ ಬಾರದಿರುವುದನ್ನು ಒಪ್ಪಿಕೊಂಡಂತೆ ಒಪ್ಪಿಕೊಂಡಿದ್ದೆವು. ಅದರ ಹಿಂದೆ ಸರ್ಕಾರದ ತೀರ್ಮಾನಗಳೂ ಇರುತ್ತವೆ ಎಂಬುದು ನನಗೆ ತಿಳಿದದ್ದು ಬೆಂಗಳೂರಿಗೆ ಬಂದು, ಪ್ರಾದೇಶಿಕ ಅಸಮಾನತೆಯ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕೊಟ್ಟ ವರದಿಯನ್ನು ಓದಿದ ಮೇಲೆ.

2002ರಲ್ಲಿ ಸಲ್ಲಿಕೆಯಾದ ಆ ವರದಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು. ನಮ್ಮ ಸುರಪುರವೂ ಆ ಪಟ್ಟಿಯಲ್ಲಿತ್ತು. ಇದಕ್ಕೆ ಒಂದು ವರ್ಷ ಮೊದಲು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವೈದ್ಯಕೀಯ ಸೇವೆ ಮಾಡಿಕೊಂಡು ಬಂದಿದ್ದ ಡಾ. ಎಚ್. ಸುದರ್ಶನ್ ಅವರ ನೇತೃತ್ವದ ಆರೋಗ್ಯ ಕಾರ್ಯಪಡೆಯೂ ತನ್ನ ವರದಿಯ ಶೀರ್ಷಿಕೆಯಲ್ಲಿಯೇ ಸಮಾನತೆಯನ್ನು ಗುಣಮಟ್ಟಕ್ಕಿಂತ ಮೊದಲು ಇಟ್ಟಿತ್ತು. ಹೀಗೆ, ಅಸಮಾನತೆ ಎಲ್ಲಿದೆ ಎಂಬುದು ವಿಧಾನಸೌಧಕ್ಕೆ ಎರಡು ದಶಕಗಳ ಹಿಂದೆಯೇ ಗೊತ್ತಿತ್ತು. ಗೊತ್ತಿದ್ದ ಮೇಲೆ ಯಾವ ತಾಲ್ಲೂಕಿನಿಂದ ಕೆಲಸ ಆರಂಭಿಸಬೇಕು ಎಂಬುದು ಅಧಿಕಾರದಲ್ಲಿರುವವರ ಧೈರ್ಯಕ್ಕೆ ಬಿಟ್ಟ ವಿಷಯವಾಗಿತ್ತು. ಸಾಮಾನ್ಯವಾಗಿ ಹೊಸ ಸೌಲಭ್ಯವೊಂದು ಬೆಂಗಳೂರು, ಮೈಸೂರುಗಳಲ್ಲಿ ಉದ್ಘಾಟನೆಗೊಂಡು, ಹಳತಾದ ಮೇಲೆ ನಮ್ಮ ಕಡೆಗೆ ಬರುತ್ತದೆ. ಈ ಕ್ರಮ ತಿರುವು ಮುರುವಾದ ಎರಡು ಸಂದರ್ಭಗಳು ನನಗೆ ಮುಖ್ಯವೆನಿಸುತ್ತವೆ.

ಮೊದಲನೆಯದು 2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ. ಬಿಪಿಎಲ್ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್, ಸುಟ್ಟ ಗಾಯಗಳಂತಹ ದುಬಾರಿ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ಈ ಯೋಜನೆಯನ್ನು ಮೊದಲು ಜಾರಿಗೆ ತಂದದ್ದು ಗುಲಬರ್ಗಾ ವಿಭಾಗದಲ್ಲಿ. ಕಾರ್ಡು ಕೊಟ್ಟರೆ ಸಾಲದು, ಅದನ್ನು ಹಿಡಿದು ಬೆಂಗಳೂರಿನ ಆಸ್ಪತ್ರೆಯ ಬಾಗಿಲಿಗೆ ಹೋಗುವ ಧೈರ್ಯ ನಮ್ಮೂರಿನ ಕೂಲಿಯವನಿಗೆ ಇರುವುದಿಲ್ಲ ಎಂಬುದನ್ನು ಯೋಜನೆ ರೂಪಿಸಿದವರು ಅರಿತಿದ್ದರು. ಆದ್ದರಿಂದಲೇ ಆಸ್ಪತ್ರೆಗಳು ಹಳ್ಳಿಗಳ ಕಡೆಗೆ ಬಂದು ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುವ, ಆರೋಗ್ಯಮಿತ್ರರು ಜೊತೆಗಿದ್ದು ದಾರಿ ತೋರಿಸುವ ವ್ಯವಸ್ಥೆಯಾಯಿತು. ಇದರ ಫಲಿತಾಂಶವನ್ನು ಸಂಶೋಧಕರು ಯೋಜನೆಯಿದ್ದ ಹಳ್ಳಿಗಳನ್ನೂ ವಿಭಾಗದ ಗಡಿಯಾಚೆಗಿನ, ಯೋಜನೆ ಇನ್ನೂ ತಲುಪದಿದ್ದ ನೆರೆಯ ಹಳ್ಳಿಗಳನ್ನೂ ಹೋಲಿಸಿ ಅಳೆದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದಾದ ಸಾವು ಬಡ ಕುಟುಂಬಗಳಲ್ಲಿ ಸುಮಾರು ಶೇ 64ರಷ್ಟು ಕಡಿಮೆಯಿತ್ತು. ಯೋಜನೆಗೆ ಅರ್ಹರಲ್ಲದ ಎಪಿಎಲ್ ಕುಟುಂಬಗಳಲ್ಲಿ ಎರಡೂ ಕಡೆಯ ಹಳ್ಳಿಗಳ ನಡುವೆ ಅಂತಹ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಆಸ್ಪತ್ರೆಗಳು ನಮ್ಮ ಜಿಲ್ಲೆಗಳಲ್ಲಿ ಆಗಲೂ ಇರಲಿಲ್ಲವೆಂಬುದು ನಿಜ. ಆದರೂ ಸಾವು ತಗ್ಗಿತು.

ಎರಡನೆಯದು ಮೊಟ್ಟೆ. 2019-20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳ ಪ್ರಮಾಣ ರಾಜ್ಯದಲ್ಲಿ ಶೇ 35.4 ಇತ್ತು; ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಾಗಿದ್ದರು. ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ಪ್ರಸ್ತಾಪ ಹಿಂದೆಯೂ ಬಂದು, ವಿರೋಧಕ್ಕೆ ಅಂಜಿ ಕಡತ ಸೇರಿತ್ತು. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಹಾಗೂ ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಅದು ಪ್ರಾಯೋಗಿಕವಾಗಿ ಆರಂಭವಾದಾಗಲೂ ಕೆಲವು ಮಠಾಧೀಶರು ಪ್ರತಿಭಟನೆಯ ಎಚ್ಚರಿಕೆ ಕೊಟ್ಟರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣಿನ ಆಯ್ಕೆ ಇದ್ದೇ ಇತ್ತು. ಒಂದೇ ಪಂಕ್ತಿಯಲ್ಲಿ ಭೇದ ಹುಟ್ಟುತ್ತದೆ ಎಂಬ ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಹೊಟ್ಟೆಗೆ ಕಡಿಮೆ ಸಿಕ್ಕಿದ ಮಗುವಿನ ಎತ್ತರದಲ್ಲಿ ಕಾಣುವ ಭೇದ ಅದಕ್ಕಿಂತ ಹಳೆಯದು. ಗಂಗಾವತಿಯ ಒಬ್ಬ ಶಾಲಾ ಬಾಲಕಿ ಅದನ್ನು ನಮ್ಮೆಲ್ಲರಿಗಿಂತ ಖಾರವಾಗಿ ಹೇಳಿದ ವಿಡಿಯೊ ಆಗ ಮನೆಮನೆಗೂ ತಲುಪಿತ್ತು. ಸರ್ಕಾರ ಹಿಂದೆ ಸರಿಯಲಿಲ್ಲ. ಮರುವರ್ಷ ಅದನ್ನು ಇಡೀ ರಾಜ್ಯಕ್ಕೆ ವಿಸ್ತರಿಸಲಾಯಿತು. ಆಳುವ ಪಕ್ಷ ಬದಲಾದ ಮೇಲೂ ಅದು ನಿಲ್ಲದೆ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಗಳಾಯಿತು. ಒಬ್ಬರು ಆರಂಭಿಸಿದ್ದನ್ನು ಇನ್ನೊಬ್ಬರು ಹೆಸರು ಬದಲಿಸಿ ಮೂಲೆಗೆ ತಳ್ಳುವ ನಮ್ಮ ರಾಜಕಾರಣದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೂ ನನಗೊಂದು ತಕರಾರಿದೆ. ಏಳು ಜಿಲ್ಲೆಗಳಿಂದ ಆರಂಭವಾದದ್ದು ಎಲ್ಲ ಜಿಲ್ಲೆಗಳಿಗೂ ಒಂದೇ ಪ್ರಮಾಣದಲ್ಲಿ ಹೋದಾಗ, ಮಂಗಳೂರಿನ ಮಗುವಿಗೂ ಯಾದಗಿರಿಯ ಮಗುವಿಗೂ ಸಿಗುವುದು ಒಂದೊಂದೇ ಮೊಟ್ಟೆ. ಎಲ್ಲರಿಗೂ ಸಿಕ್ಕಿತೆಂಬ ಸಂತೋಷ ನನಗೂ ಇದೆ, ಆದರೆ ಅಂತರ ಅಷ್ಟರಿಂದಲೇ ತಗ್ಗುವುದಿಲ್ಲ. ಹಿಂದುಳಿದ ಜಿಲ್ಲೆಗೆ ಅದರ ಮೇಲೆ ಇನ್ನೇನು ಸೇರಿಸಬೇಕೆಂದು ಕೇಳುವ ಶಾಸಕರು, ಜಿಲ್ಲಾ ಪಂಚಾಯಿತಿಯ ಅಧಿಕಾರಿಗಳು ಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವಿದೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಬಲವೂ ಇದೆ. ಕಟ್ಟಡಗಳಿಗೆ ಆ ಹಣವನ್ನು ಕೇಳುವಷ್ಟು ಹುರುಪಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೊಬ್ಬ ನರ್ಸ್ ಬೇಕೆಂದು ಕೇಳುವ ಪ್ರತಿನಿಧಿಯನ್ನು ನಾನು ಇನ್ನೂ ನೋಡಬೇಕಾಗಿದೆ.

ಕಳೆದ ಫೆಬ್ರುವರಿಯಲ್ಲಿ ನಮ್ಮ ಬಡಾವಣೆಯ ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ತಗಡಿನ ಶೆಡ್ಡಿನ ಮುಂದೆ ಇಬ್ಬರು ಮಕ್ಕಳು ನಮ್ಮ ಕಡೆಯ ಮಾತಾಡುತ್ತಿದ್ದುದು ಕಿವಿಗೆ ಬಿದ್ದು ನಿಂತೆ. ಯಾವ ಊರೆಂದು ಕೇಳಿದಾಗ ದೊಡ್ಡವಳು ಶಹಾಪುರ ತಾಲ್ಲೂಕಿನ ಹೆಸರು ಹೇಳಿದಳು. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮನೊಂದಿಗೆ ಗುಳೆ ಬಂದವರು. ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇದ್ದಿರಬೇಕು. ಅಲ್ಲಿ ಮೊಟ್ಟೆ ಬೇಯುವ ಹೊತ್ತಿಗೆ ಅವಳು ಇಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಟ್ಯಾಂಕರ್ ನೀರಿಗೆ ಕಾಯುತ್ತಿದ್ದಳು.